ಹಡಗಿಗೂ ಮೊದಲು ಕಟ್ಟಬೇಕಾದ ಅಂಗಳ

ಯುದ್ಧನೌಕೆಯೊಂದು ಎಷ್ಟು ವರ್ಷಕ್ಕೆ ಸಿದ್ಧವಾಗುತ್ತದೆ ಎಂಬುದನ್ನು ಅದರ ನಕ್ಷೆಗಿಂತ ಹೆಚ್ಚಾಗಿ ಅದನ್ನು ಕಟ್ಟುವ ಅಂಗಳವೇ ತೀರ್ಮಾನಿಸುತ್ತದೆ. ಅಲ್ಲಿನ ಕ್ರೇನ್ ಎಷ್ಟು ಟನ್ ಎತ್ತುತ್ತದೆ, ಮಳೆಗಾಲದಲ್ಲಿ ವೆಲ್ಡಿಂಗ್ ನಡೆಯುತ್ತದೆಯೋ ನಿಲ್ಲುತ್ತದೆಯೋ, ಕಟ್ಟಿದ ಒಡಲನ್ನು ನೀರಿಗೆ ಇಳಿಸುವ ದಾರಿ ಯಾವುದು, ಇಷ್ಟು ತಿಳಿದರೆ ಸಾಕು, ಹಡಗಿನ ಜಾತಕ ಅರ್ಧ ಬರೆದಂತೆ. ಮುಂಬೈನ ಮಝಗಾಂವ್ ಡಾಕ್‌ನಲ್ಲಿ ‘ಐಎನ್‌ಎಸ್ ಡೆಲ್ಲಿ’ಯ ಅಡಿಪಟ್ಟಿ ಹಾಕಿದ್ದು 1987ರಲ್ಲಿ. ಅದು ನೀರಿಗಿಳಿದದ್ದು 1991ರಲ್ಲಿ, ನೌಕಾಪಡೆಗೆ ಸೇರಿದ್ದು 1997ರಲ್ಲಿ. ಅಂದರೆ ಆರು ವರ್ಷಕ್ಕೂ ಹೆಚ್ಚು ಕಾಲ ಅದು ನೀರಿನ ಮೇಲೆ ಅರೆಬರೆ ಹಡಗಾಗಿಯೇ ತೇಲುತ್ತಿತ್ತು. ಈ ನಡುವೆ ಸೋವಿಯತ್ ಒಕ್ಕೂಟ ಒಡೆದು ಅಲ್ಲಿಂದ ಬರಬೇಕಿದ್ದ ಸಾಮಗ್ರಿ ತಡವಾದದ್ದು ನಿಜ. ಆದರೆ ಕಟ್ಟುವ ಪದ್ಧತಿಯೂ ನಿಧಾನದ್ದೇ ಆಗಿತ್ತು.

ಹಳೆಯ ಪದ್ಧತಿ ಕಲ್ಲಿನ ಮೇಲೆ ಕಲ್ಲಿಟ್ಟು ಮನೆ ಕಟ್ಟಿದ ಹಾಗೆ. ಸಮುದ್ರದ ಕಡೆಗೆ ಇಳಿಜಾರಾಗಿರುವ ಕಾಂಕ್ರೀಟ್ ಕಟ್ಟೆಯ ಮೇಲೆ ಮೊದಲು ಬೆನ್ನೆಲುಬಿನಂಥ ಅಡಿಪಟ್ಟಿ ಹಾಕಬೇಕು. ಅದಕ್ಕೆ ಪಕ್ಕೆಲುಬಿನ ಹಾಗೆ ಉಕ್ಕಿನ ಕಮಾನುಗಳನ್ನು ಜೋಡಿಸಬೇಕು, ಅವುಗಳ ಮೇಲೆ ಒಂದೊಂದೇ ಉಕ್ಕಿನ ಹಾಳೆ ಬೆಸೆಯಬೇಕು. ಒಡಲು ಮುಚ್ಚಿ ಹಡಗನ್ನು ನೀರಿಗೆ ಬಿಟ್ಟ ಮೇಲೆಯೇ ಒಳಗಿನ ಕೆಲಸ: ಎಂಜಿನ್, ಪೈಪು, ತಂತಿ, ಗಾಳಿಯ ಕೊಳವೆ, ಅಡುಗೆಮನೆ, ಮಲಗುವ ಕಟ್ಟು. ಅಷ್ಟರಲ್ಲಿ ಒಳಗೆ ಜಾಗವೇ ಇರುವುದಿಲ್ಲ. ಮಂಡಿಯೂರಿ, ಬೆನ್ನಿನ ಮೇಲೆ ಮಲಗಿ, ಒಂದು ಕೈಯಲ್ಲಿ ಟಾರ್ಚ್ ಹಿಡಿದು ಪೈಪು ಬೆಸೆಯಬೇಕು. ಒಬ್ಬ ಕೆಲಸಗಾರ ಒಳಗಿದ್ದರೆ ಇನ್ನೊಬ್ಬ ಹೊರಗೆ ಕಾಯಬೇಕು. ಹಡಗು ಕಟ್ಟುವವರಲ್ಲಿ ಒಂದು ರೂಢಿಯ ಲೆಕ್ಕವಿದೆ. ಶೆಡ್ಡಿನ ಮೇಜಿನ ಮೇಲೆ ಒಂದು ತಾಸಿಗೆ ಮುಗಿಯುವ ಕೆಲಸಕ್ಕೆ ಬಿಡಿ ಬ್ಲಾಕ್‌ನೊಳಗೆ ಮೂರು ತಾಸು ಬೇಕು, ತೇಲುವ ಹಡಗಿನೊಳಗೆ ಎಂಟು ತಾಸು ಬೇಕು. ಹಡಗುಕಟ್ಟೆಗಳ ಆಧುನೀಕರಣ ಎಂದು ಕರೆಯುವುದೆಲ್ಲ ಈ ಎಂಟು ತಾಸಿನ ಕೆಲಸವನ್ನು ಒಂದು ತಾಸಿನ ಜಾಗಕ್ಕೆ ಎಳೆದು ತರುವ ಪ್ರಯತ್ನ.

ಅದು ಹೇಗೆ ಎಂಬುದನ್ನು ರಾಯಚೂರು ಜಿಲ್ಲೆಯ ಓದುಗರು ಕಣ್ಣಾರೆ ಕಂಡಿದ್ದಾರೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ, ಎಡದಂಡೆ ನಾಲೆಯನ್ನೇ ನಂಬಿದ ಸಿಂಧನೂರು, ಮಸ್ಕಿಯ ಭತ್ತದ ಬೆಳೆಗಾರರು ಒಂದು ವಾರ ಉಸಿರು ಬಿಗಿಹಿಡಿದಿದ್ದರು. 60 ಅಡಿ ಅಗಲ, 20 ಅಡಿ ಎತ್ತರದ ಉಕ್ಕಿನ ಗೇಟನ್ನು ಇಡಿಯಾಗಿ ಮಾಡಿ ತಂದು ಭೋರ್ಗರೆಯುವ ನೀರಿನಲ್ಲಿ ಕೂರಿಸುವುದು ಆಗದ ಮಾತು. ಹಾಗಾಗಿ ಅದನ್ನು ಐದು ಅಡ್ಡ ತುಂಡುಗಳಾಗಿ ವಿಂಗಡಿಸಿ, ಬೇರೆ ಬೇರೆ ಕಾರ್ಖಾನೆಗಳಲ್ಲಿ ಏಕಕಾಲಕ್ಕೆ ಬೆಸೆದು, ಉದ್ದನೆಯ ಟ್ರೇಲರ್‌ಗಳಲ್ಲಿ ತಂದು, ಕ್ರೇನ್‌ನಿಂದ ಒಂದರ ಮೇಲೊಂದು ಇಳಿಸಲಾಯಿತು. 17ರ ಹೊತ್ತಿಗೆ ಪೋಲಾಗುತ್ತಿದ್ದ ನೀರು ನಿಂತಿತು. ನಾಲೆಗೆ ನೀರು ಉಳಿಯಿತು.

ಯುದ್ಧನೌಕೆಯ ಬ್ಲಾಕ್ ಪದ್ಧತಿಯ ತಿರುಳೂ ಇದೇ. ಹಡಗನ್ನು ಬ್ರೆಡ್ಡಿನ ಹಾಗೆ ಹೋಳುಹೋಳಾಗಿ ವಿಂಗಡಿಸಿಕೊಂಡು, ಪ್ರತಿ ಹೋಳನ್ನು ಬೇರೆ ಶೆಡ್ಡಿನಲ್ಲಿ ಒಂದೇ ಕಾಲಕ್ಕೆ ಕಟ್ಟುತ್ತಾರೆ. ಹೋಳಿನ ಎರಡೂ ಬದಿ ತೆರೆದೇ ಇರುವುದರಿಂದ ಪೈಪು, ತಂತಿಯ ತಟ್ಟೆ, ಗಾಳಿಯ ಕೊಳವೆಗಳನ್ನು ನಿಂತುಕೊಂಡೇ ಜೋಡಿಸಬಹುದು, ಬಣ್ಣವನ್ನೂ ಹೊಡೆಯಬಹುದು. ಆಮೇಲೆ ಹೋಳುಗಳನ್ನು ತಂದು ಸಾಲಾಗಿ ಬೆಸೆದರೆ ಒಂದರೊಳಗಿನ ಪೈಪಿನ ತುದಿ ಇನ್ನೊಂದರೊಳಗಿನ ಪೈಪಿನ ತುದಿಗೆ ಸರಿಯಾಗಿ ಕೂಡಬೇಕು. ಅಲ್ಲಿ ಕೆಲವೇ ಮಿಲಿಮೀಟರ್ ತಪ್ಪಿದರೂ ಕೆಲಸ ಕೆಟ್ಟಿತು. ಆದ್ದರಿಂದ ಉಕ್ಕಿನ ಹಾಳೆಯನ್ನು ಕಣ್ಣಂದಾಜಿನಿಂದ ಕತ್ತರಿಸುವ ಕಾಲ ಮುಗಿದು, ಕಂಪ್ಯೂಟರ್ ನಕ್ಷೆಯನ್ನೇ ಓದಿ ಕತ್ತರಿಸುವ ಪ್ಲಾಸ್ಮಾ ಯಂತ್ರಗಳು ಬಂದಿವೆ.

ಬ್ಲಾಕ್ ಎಷ್ಟು ದೊಡ್ಡದಿರಬಹುದು ಎಂಬುದಕ್ಕೆ ಉತ್ತರ ಕ್ರೇನ್‌ನಲ್ಲಿದೆ. ಕ್ರೇನ್ ಸಣ್ಣದಾದರೆ ಬ್ಲಾಕೂ ಸಣ್ಣದು, ಬ್ಲಾಕ್ ಸಣ್ಣದಾದರೆ ಬೆಸುಗೆಯ ಕೀಲುಗಳು ಹೆಚ್ಚು, ಅಷ್ಟೂ ಕೀಲು ಕಟ್ಟೆಯ ಮೇಲೇ ಬೆಸೆಯಬೇಕು. ಮಝಗಾಂವ್ ಡಾಕ್ ಆಧುನೀಕರಣದಲ್ಲಿ 300 ಟನ್ ಎತ್ತುವ ‘ಗೋಲಿಯತ್’ ಕ್ರೇನ್ ನಿಲ್ಲಿಸಿತು. ಕಮಾನು ಬಾಗಿಲಿನ ಹಾಗೆ ಎರಡು ಕಾಲಿನ ಮೇಲೆ ನಿಂತು ಹಳಿಯ ಮೇಲೆ ಚಲಿಸುವ ಯಂತ್ರ ಅದು. ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆ 2013ರಲ್ಲಿ 250 ಟನ್ನಿನದನ್ನು ಬಳಕೆಗೆ ತಂದಿತು. ಕೊಚ್ಚಿಯಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾದ 310 ಮೀಟರ್ ಉದ್ದದ ಹೊಸ ಡ್ರೈ ಡಾಕ್‌ಗೆ 600 ಟನ್ನಿನ ಕ್ರೇನ್ ಇದೆ. ಫಲವೂ ಕಾಣುತ್ತಿದೆ. ಹೊಸ ‘ನೀಲಗಿರಿ’ ಮಾಲಿಕೆಯ ಮೊದಲ ಫ್ರಿಗೇಟ್ ಕಟ್ಟಲು 93 ತಿಂಗಳು ಹಿಡಿದರೆ, ಅದೇ ಮಾಲಿಕೆಯ ‘ತಾರಾಗಿರಿ’ 81 ತಿಂಗಳಲ್ಲಿ ಮುಗಿಯಿತು. ಒಂದು ವರ್ಷ ಉಳಿಯಿತು ಎಂದರೆ ಒಂದು ವರ್ಷದ ಕೂಲಿ, ಬಡ್ಡಿ, ಕಟ್ಟೆಯ ಬಾಡಿಗೆ ಎಲ್ಲವೂ ಉಳಿದಂತೆ.

ಬ್ಲಾಕ್ ಕಟ್ಟುವಾಗಿನ ಒಂದು ಕ್ರಮವಂತೂ ನದಿ ದಂಡೆಯ ಜನಕ್ಕೆ ಹೊಸದಲ್ಲ. ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣೆಯ ನಡುಗಡ್ಡೆಗಳಿವೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ಅತ್ತಲಿನ ಊರುಗಳ ದಾರಿ ಕಡಿದುಹೋಗುತ್ತದೆ. ಅಂಥ ನದಿಯ ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿಯೇ ತಳಕ್ಕೆ ಡಾಂಬರು ಬಳಿಯುತ್ತಾರೆ. ತಳ ಮೇಲಾದರೆ ಡಾಂಬರು ತಾನಾಗಿ ಸಂದಿಗೆ ಇಳಿಯುತ್ತದೆ. ಕೆಳಗೆ ತೂರಿ ಮುಖದ ಮೇಲೆ ಸುರಿಸಿಕೊಳ್ಳಬೇಕಾಗಿಲ್ಲ. ಹಡಗುಕಟ್ಟೆಯಲ್ಲೂ ಅನೇಕ ಬ್ಲಾಕ್‌ಗಳನ್ನು ತಲೆಕೆಳಗಾಗಿಯೇ ಕಟ್ಟುವುದು ಇದೇ ಕಾರಣಕ್ಕೆ. ಕರಗಿದ ಲೋಹವೂ ಡಾಂಬರಿನಂತೆ ಕೆಳಕ್ಕೇ ಹರಿಯುತ್ತದೆ. ತಲೆಯ ಮೇಲಿನ ಸಂದಿಯನ್ನು ಬೆಸೆಯುವವನಿಗೆ ಕೈ ಸೋಲುತ್ತದೆ, ಕಿಡಿ ಮೈಮೇಲೆ ಬೀಳುತ್ತದೆ, ಬೆಸುಗೆಯಲ್ಲಿ ತೂತು ಉಳಿಯುವ ಸಂಭವವೂ ಹೆಚ್ಚು. ಅದೇ ಸಂದಿ ಪಾದದ ಬಳಿ ಇದ್ದರೆ ಅವನು ಸ್ಟೂಲಿನ ಮೇಲೆ ಕುಳಿತು ನೆಮ್ಮದಿಯಾಗಿ ಮುಗಿಸುತ್ತಾನೆ. ಕೆಲಸವಾದ ಮೇಲೆ ಇಡೀ ಬ್ಲಾಕನ್ನು ಕ್ರೇನ್ ಎತ್ತಿ ಗಾಳಿಯಲ್ಲೇ ಮಗುಚಿ ನೆಟ್ಟಗೆ ಕೂರಿಸುತ್ತದೆ. ನೂರಾರು ಟನ್ ಉಕ್ಕು ತಂತಿಹಗ್ಗದ ಮೇಲೆ ಮಗ್ಗುಲು ಬದಲಿಸುವ ಆ ಹೊತ್ತಿನಲ್ಲಿ ಕೆಳಗೆ ಯಾರನ್ನೂ ಬಿಡುವುದಿಲ್ಲ.

ಕ್ರೇನ್‌ನಷ್ಟೇ ಮುಖ್ಯವಾದದ್ದು ಚಾವಣಿ. ಬಯಲುಸೀಮೆಯವರಿಗೆ ಇದು ತಟ್ಟನೆ ಹೊಳೆಯುವುದಿಲ್ಲ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ರಾಯಚೂರು ಜಿಲ್ಲೆಯಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ವೆಲ್ಡಿಂಗ್ ಅಂಗಡಿ ರಸ್ತೆ ಬದಿಯ ಬಯಲಲ್ಲೇ ನಡೆಯುತ್ತದೆ. ಕಾರವಾರದಲ್ಲಿ ಮಳೆ 3,000 ಮಿಲಿಮೀಟರ್ ಆಸುಪಾಸು. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ವೆಲ್ಡಿಂಗ್ ಕಡ್ಡಿಯ ಹೊರಪದರ ಗಾಳಿಯ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತದೆ. ಕಡ್ಡಿ ಉರಿದಾಗ ಆ ತೇವ ಒಡೆದು ಹೈಡ್ರೋಜನ್ ಆಗುತ್ತದೆ, ಹೈಡ್ರೋಜನ್ ಕರಗಿದ ಉಕ್ಕಿನೊಳಗೆ ಸೇರಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ಬೆಸುಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ. ಬಿರುಕು ಬಿಡುವುದು ಕೆಲವು ತಾಸಿನ ನಂತರ, ಕೆಲವೊಮ್ಮೆ ಒಂದೆರಡು ದಿನದ ನಂತರ. ಉಕ್ಕು ಗಟ್ಟಿಯಾದಷ್ಟೂ ಈ ಅಪಾಯ ಹೆಚ್ಚು. ಯುದ್ಧನೌಕೆಗೆ ಬಳಸುವ ಡಿಎಂಆರ್ 249 ದರ್ಜೆಯ ಉಕ್ಕು, ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾಲಯ ರೂಪಿಸಿ ಭಾರತೀಯ ಉಕ್ಕು ಪ್ರಾಧಿಕಾರ (ಸೇಲ್) ತಯಾರಿಸುವಂಥದ್ದು, ಗಟ್ಟಿ ಉಕ್ಕು. ಅದಕ್ಕೇ ಕಡ್ಡಿಗಳನ್ನು 300 ಡಿಗ್ರಿಗೂ ಹೆಚ್ಚು ಶಾಖದ ಓವನ್‌ನಲ್ಲಿ ಕಾಯಿಸಿ, ಆಮೇಲೂ ಬಿಸಿಯಾರದಂತೆ ಸಣ್ಣ ಪೆಟ್ಟಿಗೆಯಲ್ಲಿಟ್ಟುಕೊಂಡು, ಬೇಕಾದಷ್ಟನ್ನೇ ಒಂದೊಂದಾಗಿ ತೆಗೆದು ಬೆಸೆಯುತ್ತಾರೆ. ಬಣ್ಣಕ್ಕೂ ಇದೇ ಕಟ್ಟುನಿಟ್ಟು. ಗಾಳಿಯ ತೇವಾಂಶ ಶೇ 85 ದಾಟಿದರೆ ಬ್ರಷ್ ಮುಟ್ಟುವಂತಿಲ್ಲ. ಚಾವಣಿ ಇಲ್ಲದ ಅಂಗಳಕ್ಕೆ ಪಶ್ಚಿಮ ಕರಾವಳಿಯಲ್ಲಿ ವರ್ಷಕ್ಕೆ ಎಂಟೇ ತಿಂಗಳು.

ಬಿಸಿಲೂ ಕಾಡುತ್ತದೆ. ಒಂದು ಮಗ್ಗುಲಿಗೆ ಬಿಸಿಲು ಬಿದ್ದಾಗ ಆ ಕಡೆಯ ಉಕ್ಕು ಹಿಗ್ಗಿ ಇಡೀ ಒಡಲು ತುಸು ಬಾಗುತ್ತದೆ. ಕಣ್ಣಿಗೆ ಕಾಣದು, ಆದರೆ ಎಂಜಿನ್‌ನಿಂದ ಪ್ರೊಪೆಲ್ಲರ್‌ವರೆಗಿನ ಉದ್ದನೆಯ ದಂಡವನ್ನು ನೇರಕ್ಕೆ ಕೂರಿಸುವಾಗ ಅಷ್ಟೇ ಸಾಕು ಲೆಕ್ಕ ತಪ್ಪಲು. ಆದ್ದರಿಂದ ದಂಡದ ನೇರ ನೋಡುವ ಅಳತೆಯನ್ನು ರಾತ್ರಿ ಅಥವಾ ನಸುಕಿನಲ್ಲಿ, ಇಡೀ ಒಡಲು ಒಂದೇ ಹದಕ್ಕೆ ತಣಿದಾಗ ತೆಗೆದುಕೊಳ್ಳುತ್ತಾರೆ. ನೆರಳಿನಡಿಯ ಅಂಗಳದಲ್ಲಿ ಈ ಕಾಯುವಿಕೆ ಬಹಳ ಕಡಿಮೆ.

ಇನ್ನು ನೀರಿಗಿಳಿಸುವ ದಾರಿ. ಇಳಿಜಾರು ಕಟ್ಟೆಯಿಂದ ಜಾರಿಸುವುದು ನೋಡಲು ಸೊಗಸು, ಆದರೆ ಹೊರಟ ಹಡಗನ್ನು ಮಧ್ಯೆ ನಿಲ್ಲಿಸಲಾಗದು. ಡ್ರೈ ಡಾಕ್ ಎಂದರೆ ಬಾಗಿಲಿರುವ ದೊಡ್ಡ ಹೊಂಡ. ಒಳಗೆ ಹಡಗು ಕಟ್ಟಿ, ಆಮೇಲೆ ನೀರು ತುಂಬಿಸಿ ತೇಲಿಸುವುದು. ಸುರಕ್ಷಿತವೇನೋ ಹೌದು. ಆದರೆ ಒಳಗಿನ ಹಡಗು ಮುಗಿಯುವ ತನಕ ಹೊಂಡಕ್ಕೆ ಬೇರೆ ಕೆಲಸವಿಲ್ಲ. ಮೂರನೆಯದು ಶಿಪ್‌ಲಿಫ್ಟ್. ಕರ್ನಾಟಕದ ಪಾಲಿಗೆ ಇದೇ ಹೆಚ್ಚು ಹತ್ತಿರದ್ದು. ಏಕೆಂದರೆ ಕಾರವಾರದ ನೌಕಾನೆಲೆಯಲ್ಲಿರುವುದು 175 ಮೀಟರ್ ಉದ್ದ, 28 ಮೀಟರ್ ಅಗಲ, 10,000 ಟನ್ ಎತ್ತುವ ಶಿಪ್‌ಲಿಫ್ಟ್.

ಅದು ಕೆಲಸ ಮಾಡುವ ಬಗೆ ನೋಡುವಂಥದ್ದು. ನೀರಿನಲ್ಲಿ ಮುಳುಗಿಸಿದ ಉಕ್ಕಿನ ಮಂಚವೊಂದನ್ನು ಎರಡೂ ಬದಿಯ ವಿಂಚ್‌ಗಳು ತಂತಿಹಗ್ಗದಿಂದ ಹಿಡಿದಿರುತ್ತವೆ. ಬರುವ ಹಡಗಿನ ತಳದ ಆಕಾರ ಮೊದಲೇ ಗೊತ್ತು. ಅದಕ್ಕೆ ತಕ್ಕಂತೆ ಮಂಚದ ಮೇಲೆ ಮರದ ದಿಮ್ಮಿಗಳನ್ನು ಎತ್ತರ ನೋಡಿ ಜೋಡಿಸಿರುತ್ತಾರೆ. ಹಡಗು ತೇಲುತ್ತ ಬಂದು ಮಂಚದ ಮೇಲೆ ನೇರಕ್ಕೆ ನಿಲ್ಲುತ್ತದೆ. ಮುಳುಗುಗಾರರು ಕೆಳಗಿಳಿದು ತಳ ದಿಮ್ಮಿಯ ಮೇಲೆ ಸರಿಯಾಗಿ ಕೂರುತ್ತದೆಯೇ ಎಂದು ನೋಡಿ ಬರುತ್ತಾರೆ. ಆಮೇಲೆ ಎಲ್ಲ ವಿಂಚ್‌ಗಳೂ ಒಂದೇ ವೇಗದಲ್ಲಿ ಸುತ್ತಬೇಕು. ಒಂದು ಬೇಗ, ಒಂದು ತಡ ಆದರೆ ಮಂಚ ವಾಲುತ್ತದೆ. ಅದಕ್ಕೆಂದೇ ಏಕವೇಗದ ವಿದ್ಯುತ್ ಮೋಟಾರು, ಪ್ರತಿ ಹಗ್ಗದ ಭಾರ ಅಳೆಯುವ ಸಾಧನ ಇರುತ್ತವೆ. ಸಾವಿರಾರು ಟನ್ ತೂಕದ ಹಡಗು ನೀರು ಸೋರಿಸುತ್ತ ನಿಧಾನವಾಗಿ ಮೇಲೇಳುತ್ತದೆ. ಪಾಚಿ, ಕಪ್ಪೆಚಿಪ್ಪು ಹತ್ತಿದ ತಳ ಬಿಸಿಲು ಕಾಣುತ್ತದೆ. ನೆಲದ ಮಟ್ಟಕ್ಕೆ ಬಂದ ಮೇಲೆ ಹಳಿಯ ಮೇಲಿನ ಗಾಡಿಗಳು ಅದನ್ನು ಹೊತ್ತು ಪಕ್ಕದ ಒಣ ನೆಲಕ್ಕೆ ಸರಿಸುತ್ತವೆ. ಮಂಚ ಖಾಲಿಯಾಯಿತು, ಇನ್ನೊಂದು ಹಡಗು ಬರಬಹುದು. ಡ್ರೈ ಡಾಕ್‌ಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಆ ಒಣ ನೆಲದ ಮೇಲೆ, ಈ ನೌಕಾನೆಲೆಯನ್ನು ಕಟ್ಟುವ ಸೀಬರ್ಡ್ ಯೋಜನೆಯ ಎರಡನೇ ಹಂತದಲ್ಲಿ 75 ಮೀಟರ್ ಎತ್ತರದ ಚಾವಣಿ ಎದ್ದಿದೆ. ನಾಲ್ಕು ದೊಡ್ಡ ಯುದ್ಧನೌಕೆಗಳು ಅಕ್ಕಪಕ್ಕ ನಿಲ್ಲುವ ಈ ಸೂರು 33,000 ಚದರ ಮೀಟರ್ ನೆಲವನ್ನು ಆವರಿಸುತ್ತದೆ. ಸಿಂಧನೂರಿನ ಅಳತೆಯಲ್ಲಿ ಹೇಳುವುದಾದರೆ ಎಂಟು ಎಕರೆಗೂ ಹೆಚ್ಚು ಗದ್ದೆಗೆ ಒಂದೇ ಸೂರು ಹಾಕಿದಂತೆ. ಹಡಗಿನ ಕಂಬ, ರೇಡಾರ್ ಎಲ್ಲವೂ ಒಳಗೇ ನಿಲ್ಲಬೇಕಾದ್ದರಿಂದ ಅಷ್ಟು ಎತ್ತರ. ಆಷಾಢದ ಮಳೆಯಲ್ಲೂ ಅದರಡಿ ಬೆಸುಗೆ, ಬಣ್ಣದ ಕೆಲಸ ನಿಲ್ಲಿಸಬೇಕಿಲ್ಲ.

ಈ ಅಂಗಳ ಸುಲಭವಾಗಿ ಬಂದದ್ದಲ್ಲ. ಹಿಂದೆ ಬೆಟ್ಟ, ಮುಂದೆ ಆಳ ನೀರು ಮತ್ತು ದ್ವೀಪಗಳ ಮರೆ ಇದ್ದುದರಿಂದ ಕಾರವಾರವನ್ನು ಆರಿಸಿಕೊಳ್ಳಲಾಯಿತು. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ಹಣದ ಮುಗ್ಗಟ್ಟಿನಿಂದ ಕೆಲಸ ವರ್ಷಗಟ್ಟಲೆ ಕುಂಟಿ, ಕದಂಬರ ಹೆಸರು ಹೊತ್ತ ‘ಐಎನ್‌ಎಸ್ ಕದಂಬ’ ಸೇವೆಗೆ ಬಂದದ್ದು 2005ರ ಮೇ 31ರಂದು. ಯೋಜನೆಗೆ 11,000 ಎಕರೆಗೂ ಹೆಚ್ಚು ಜಾಗ ಹೋಯಿತು, ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಊರು ಬಿಟ್ಟವು. ಅವರಲ್ಲಿ ಮೀನುಗಾರರಿದ್ದರು, ಗದ್ದೆಯವರಿದ್ದರು. ಪರಿಹಾರಕ್ಕಾಗಿ ‘ಸೀಬರ್ಡ್ ನಿರಾಶ್ರಿತರು’ ದಶಕಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಕಟ್ಟೆಯ ಉದ್ದಗಲ ಹೇಳುವಾಗ ಇದನ್ನೂ ಹೇಳಬೇಕು. ಆ ಚಾವಣಿಯ ಬುಡದಲ್ಲಿರುವುದು ಯಾರದೋ ಮನೆಯಂಗಳ. 

ಎರಡನೇ ಹಂತದ ಮೊದಲ ಭಾಗ ಮುಗಿದಾಗ ಇಲ್ಲಿ 32 ಯುದ್ಧನೌಕೆ ಮತ್ತು ಜಲಾಂತರ್ಗಾಮಿಗಳು ತಂಗಬಹುದು. ಆದರೆ ಇಲ್ಲಿನ ಹಡಗುಕಟ್ಟೆ ದುರಸ್ತಿಯದು, ನಿರ್ಮಾಣದ್ದಲ್ಲ. ದುರಸ್ತಿಗೂ ಮಿತಿಯಿದೆ. ವಿಮಾನವಾಹಕ ‘ವಿಕ್ರಮಾದಿತ್ಯ’ದ ತವರು ಬಂದರು ಕಾರವಾರವೇ. 284 ಮೀಟರ್ ಉದ್ದದ ಅದು 175 ಮೀಟರಿನ ಮಂಚದ ಮೇಲೆ ಹತ್ತಲಾರದು. ತಳದ ಕೆಲಸಕ್ಕೆ ಕೊಚ್ಚಿಗೇ ಹೋಗಬೇಕು. 2024ರ ನವೆಂಬರ್‌ನಲ್ಲಿ ಅದರ ದುರಸ್ತಿಗೆ ಕೊಚ್ಚಿನ್ ಶಿಪ್‌ಯಾರ್ಡ್ ಜೊತೆ ಆದ ಒಪ್ಪಂದದ ಮೊತ್ತವೇ 1,207 ಕೋಟಿ ರೂಪಾಯಿಗೂ ಹೆಚ್ಚು.

320 ಕಿಲೋಮೀಟರ್ ಕರಾವಳಿಯ ಈ ನಾಡಿನಲ್ಲಿ ಯುದ್ಧನೌಕೆ ಕಟ್ಟುವ ಆಸೆ ಹೊಸದೇನಲ್ಲ. 1796ರಲ್ಲಿ ಟಿಪ್ಪು ಸುಲ್ತಾನ 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್‌ಗಳ ಪಡೆ ಕಟ್ಟಲು ವಿವರವಾದ ಆದೇಶ ಹೊರಡಿಸಿ, ಮಂಗಳೂರು, ಮಿರ್ಜಾನ್ ಸೀಮೆ ಮತ್ತು ಕಾಳಿ ನದಿಯ ದಂಡೆಯ ಸದಾಶಿವಗಡದಲ್ಲಿ ಹಡಗುಕಟ್ಟೆಗಳನ್ನು ಗೊತ್ತುಮಾಡಿದ್ದ. ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿದ್ದಿತು. ಅಂದು ಗೊತ್ತುಮಾಡಿದ ಸದಾಶಿವಗಡ ಇಂದಿನ ಕಾರವಾರದ ಎದುರು ದಂಡೆಯಲ್ಲಿದೆ.

ಇಂದು ಗಡಿಯಾಚೆಯ ವಾಸ್ಕೊದಲ್ಲಿ ಗೋವಾ ಶಿಪ್‌ಯಾರ್ಡ್ ಯುದ್ಧನೌಕೆ ಕಟ್ಟುತ್ತದೆ. 1957ರಲ್ಲಿ ಪೋರ್ಚುಗೀಸರ ಕಾಲದಲ್ಲಿ ಶುರುವಾದ ಈ ಸಣ್ಣ ಕಟ್ಟೆ 2011ರಲ್ಲಿ 6,000 ಟನ್ನಿನ ಶಿಪ್‌ಲಿಫ್ಟ್ ಹಾಕಿಕೊಂಡಿತು. 2024ರ ಜುಲೈನಲ್ಲಿ ಅಲ್ಲಿ ‘ತ್ರಿಪುಟ್’ ಫ್ರಿಗೇಟ್ ನೀರಿಗಿಳಿಯಿತು, 2025ರ ಮಾರ್ಚ್‌ನಲ್ಲಿ ‘ತವಸ್ಯ’. ಸಣ್ಣ ಅಂಗಳವೂ ಸರಿಯಾದ ಸಲಕರಣೆ ಬಂದರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಕರ್ನಾಟಕದ ಪಾಲು ಸದ್ಯಕ್ಕೆ ಹಡಗಿನ ಒಳಗಿದೆ. ವಿಮಾನವಾಹಕ ‘ವಿಕ್ರಾಂತ್’ ಮತ್ತು ನೀಲಗಿರಿ ಮಾಲಿಕೆಯನ್ನು ಓಡಿಸುವ ಎಲ್‌ಎಂ 2500 ಗ್ಯಾಸ್ ಟರ್ಬೈನ್‌ಗಳ ಜೋಡಣೆ ನಡೆದದ್ದು ಬೆಂಗಳೂರಿನ ಎಚ್‌ಎಎಲ್ ವಿಭಾಗದಲ್ಲಿ. ನೀರೊಳಗೆ ಸದ್ದು ಆಲಿಸುವ ಸೋನಾರ್‌ಗಳನ್ನು ಅದೇ ಊರಿನ ಬಿಇಎಲ್ ತಯಾರಿಸುತ್ತದೆ. ಹಡಗಿನ ಗುಂಡಿಗೆ, ಕಿವಿ ಎರಡೂ ಸಮುದ್ರವೇ ಕಾಣದ ಊರಿನವು. ಒಡಲು ಮಾತ್ರ ಬೇರೆಡೆಯದು. ಜಲಾಂತರ್ಗಾಮಿ ಬೇಟೆಯ ಸಣ್ಣ ನೌಕೆಗಳಾದ ‘ಮಲ್ಪೆ’ ಮತ್ತು ‘ಮೂಲ್ಕಿ’ 2024ರ ಸೆಪ್ಟೆಂಬರ್ 9ರಂದು ನೀರಿಗಿಳಿದದ್ದು ಕೊಚ್ಚಿಯಲ್ಲಿ. ಹೆಸರು ನಮ್ಮೂರಿನದು, ಕಟ್ಟಿದ ಕೈ ಬೇರೆ ಊರಿನದು. ಇವು 78 ಮೀಟರ್ ಉದ್ದದ, 900 ಟನ್ ಆಸುಪಾಸಿನ ನೌಕೆಗಳು. ಇಷ್ಟು ಗಾತ್ರದ್ದಕ್ಕೆ ದೈತ್ಯ ಅಂಗಳ ಬೇಕಾಗುವುದಿಲ್ಲ. ದಿವಾಳಿಯ ಅಂಚಿಗೆ ಹೋಗಿದ್ದ ಮಲ್ಪೆಯ ಟೆಬ್ಮಾ ಹಡಗುಕಟ್ಟೆಯನ್ನು ಕೊಚ್ಚಿನ್ ಶಿಪ್‌ಯಾರ್ಡ್ 2020ರಲ್ಲಿ ಕೊಂಡು, 2022ರಲ್ಲಿ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟಿದೆ. ಅಲ್ಲಿಂದ ಟಗ್‌ಗಳು ಹೊರಬರುತ್ತಿವೆ, ನಾರ್ವೆಯ ಕಂಪನಿಗೆ ಸರಕು ಹಡಗುಗಳು ತಯಾರಾಗುತ್ತಿವೆ. ಹಡಗು ನಿರ್ಮಾಣಕ್ಕೆಂದು ಕೇಂದ್ರ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ 69,725 ಕೋಟಿ ರೂಪಾಯಿಯ ಯೋಜನೆಯಲ್ಲಿ ಕರ್ನಾಟಕದ ಕರಾವಳಿ ತನ್ನ ಪಾಲನ್ನು ಕೇಳಿ ಪಡೆಯಬೇಕಾದ ಹೊತ್ತು ಇದು.

ಬ್ಲಾಕ್ ಪದ್ಧತಿ ಬಂದ ಮೇಲೆ ಕಡಲ ದಂಡೆಯೇ ಬೇಕೆಂಬ ಕಟ್ಟೂ ಸಡಿಲವಾಗಿದೆ. ವಿಧ್ವಂಸಕ ನೌಕೆ ‘ಸೂರತ್’ನ ಒಡಲನ್ನು ಎರಡು ಬೇರೆ ಬೇರೆ ಊರಲ್ಲಿ ಕಟ್ಟಿ ಮುಂಬೈಯಲ್ಲಿ ಕೂಡಿಸಲಾಯಿತು. ನೀಲಗಿರಿ ಮಾಲಿಕೆಗೆ ಇನ್ನೂರಕ್ಕೂ ಹೆಚ್ಚು ಸಣ್ಣ ಮತ್ತು ಮಧ್ಯಮ ಉದ್ಯಮಗಳು ಬಿಡಿಭಾಗ ಒದಗಿಸಿವೆ. ಏಣಿ, ತಂತಿ ಹಾಯುವ ತಟ್ಟೆ, ಪೈಪಿನ ಹಿಡಿಕೆ, ನೀರು ಬಿಡದ ಬಾಗಿಲಿನ ಚೌಕಟ್ಟು ಇಂಥವನ್ನು ಮಾಡುವ ಅಂಗಡಿ ಮಸ್ಕಿಯಲ್ಲಿದ್ದರೂ ಅಡ್ಡಿಯಿಲ್ಲ. ಲಾರಿ ಇದೆ, ರಸ್ತೆ ಇದೆ. ಅಡ್ಡಿ ಬರುವುದು ಬೆಸುಗೆಯ ಪರೀಕ್ಷೆಯಲ್ಲಿ. ಟ್ರೇಲರ್ ಬೆಸುಗೆ ಬಿಟ್ಟರೆ ರಸ್ತೆ ಬದಿ ನಿಲ್ಲಿಸಿ ಮತ್ತೆ ಹಾಕಿಸಬಹುದು. ಹಡಗಿನಲ್ಲಿ ಪ್ರತಿ ಬೆಸುಗೆಗೂ ಹಾಕಿದವನ ಗುರುತಿನ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಪಡೆಯಲು ಹಡಗಿನ ಗುಣಮಟ್ಟ ಪರೀಕ್ಷಿಸುವ ಸಂಸ್ಥೆಯ ಪರೀಕ್ಷಕರ ಎದುರಿಗೇ ಬೆಸೆದು ತೋರಿಸಬೇಕು.

ಪರೀಕ್ಷೆಯಲ್ಲಿ ದರ್ಜೆಗಳಿವೆ. ಮೇಜಿನ ಮೇಲಿಟ್ಟು ಬೆಸೆಯುವುದು ‘ಒನ್ ಜಿ’. ನಿಲುವು ಸಂದಿಯದು ‘ತ್ರೀ ಜಿ’, ತಲೆಯ ಮೇಲಿನದು ‘ಫೋರ್ ಜಿ’. 45 ಡಿಗ್ರಿ ಓರೆಯಾಗಿ ಬಿಗಿದ ಪೈಪನ್ನು ಅಲುಗಾಡಿಸದೆ ಸುತ್ತಲೂ ಬೆಸೆಯುವುದು ‘ಸಿಕ್ಸ್ ಜಿ’. ಐಟಿಐ ಮುಗಿಸಿ ಗೋವೆಗೋ ಕೊಲ್ಲಿ ದೇಶಕ್ಕೋ ಹೊರಟ ಹುಡುಗರ ಬಾಯಲ್ಲಿ ಈ ಮಾತು ಸದಾ ಇರುತ್ತದೆ, ಏಕೆಂದರೆ ಸಂಬಳ ನಿಂತಿರುವುದೇ ಅದರ ಮೇಲೆ. ಬೆಸೆದಾದ ಮೇಲೆ ಮೊದಲು ಕಣ್ಣಿನಿಂದ ನೋಡುತ್ತಾರೆ, ಎಕ್ಸ್‌ರೇ ತೆಗೆಯುವುದೂ ಉಂಟು. ನಂತರ ಆ ತುಂಡನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಒಂದೊಂದನ್ನೂ ಪ್ರೆಸ್ಸಿನ ಕೆಳಗಿಟ್ಟು ಬೆಸುಗೆ ಇರುವ ಕಡೆಗೇ ಲಾಳದ ಹಾಗೆ ಬಗ್ಗಿಸುತ್ತಾರೆ. ಬಾಗಿದ ಬೆನ್ನಿನ ಮೇಲೆ ಬಿರುಕು ತೋರಿತೋ, ಹುಡುಗ ಮತ್ತೆ ಬರಬೇಕು. ಬಿರುಕಿಲ್ಲದೆ ಬಾಗಿತೋ, ಅವನ ಸಂಖ್ಯೆ ದಾಖಲೆಗೆ ಸೇರುತ್ತದೆ.